ಟಿಕಲಿ ಕಿತ್ತ ಪರಾಕ್ರಮ

ನನ್ನ ಹೆಂಡತಿ ಲೀಲಾಕ್ಷಿಯ ಮೇಲೆ ನನಗಿರುವ ದೂರುಗಳಲ್ಲಿ ನಾಲ್ಕು ಜನರ ಎದುರು ಹೇಳಬಹುದಾದದ್ದು ಒಂದೇ. ಅವಳು ಹಣೆಯಿಂದ ತೆಗೆದ ಟಿಕಲಿಯನ್ನು ಎಸೆಯುವುದಿಲ್ಲ, ಕೈಗೆ ಸಿಕ್ಕಿದಲ್ಲಿ ಅಂಟಿಸುತ್ತಾಳೆ. ಬಚ್ಚಲುಮನೆಯ ಟೈಲ್ಸಿಗೆ, ಫ್ರಿಜ್ಜಿನ ಬಾಗಿಲಿಗೆ, ಒಮ್ಮೆ ನನ್ನ ಕನ್ನಡಕದ ಪೆಟ್ಟಿಗೆಗೆ. ಕನ್ನಡಿಯಲ್ಲಂತೂ ಸರಿಯಾಗಿ ನನ್ನ ಹಣೆ ಬರುವ ಜಾಗದಲ್ಲಿ ಒಂದು ಕೆಂಪು ಟಿಕಲಿ ಕೂತಿರುತ್ತದೆ. ಮದುವೆಯಾದಂದಿನಿಂದ ನಾನು ಸುಮಂಗಲಿಯಾಗಿಯೇ ಗಡ್ಡ ಬೋಳಿಸಿಕೊಳ್ಳುತ್ತಿದ್ದೇನೆ. ಹೀಗಾಗಿ ಎಲ್ಲಿ ಟಿಕಲಿ ಕಂಡರೂ ಉಗುರು ಹಾಕಿ ಕೀಳುವುದು ನನಗೆ ಚಾಳಿಯಾಗಿಬಿಟ್ಟಿದೆ. ಆ ಚಾಳಿಯೇ ನನ್ನನ್ನು ಮುಳುಗಿಸಿತು.

ಮೊದಲು ನನ್ನ ಪರಿಚಯ. ಹೆಸರು ರಘುರಾಮ. ಊರು ಕುಂದಾಪುರದ ಕಡೆ. ಸೋದರಮಾವನ ಹೋಟೆಲಿಗೆಂದು ಪುಣೆಗೆ ಬಂದವನು, ಈಗ ಸದಾಶಿವ ಪೇಠದಲ್ಲಿ ನನ್ನದೇ ಹೋಟೆಲು. ಸುತ್ತ ಕೋಚಿಂಗ್ ಕ್ಲಾಸುಗಳಿರುವುದರಿಂದ ವ್ಯಾಪಾರಕ್ಕೆ ಮೋಸವಿಲ್ಲ. ಲೀಲಾಕ್ಷಿ ಹುಟ್ಟಿ ಬೆಳೆದದ್ದು ಇಲ್ಲಿಯೇ, ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ. ಮದುವೆಗೆ ಮೊದಲು ಅವಳು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಕಂಪ್ಯೂಟರೆಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾಗಿದ್ದ ಕಾಲ ಅದು. ಮಗಳ ಹಠಕ್ಕೆ ಸೋತು ಅವಳ ಅಪ್ಪ, ಟಿವಿಗೆ ಜೋಡಿಸಿ ಬಳಸುವ ಒಂದು ಮನೆ ಕಂಪ್ಯೂಟರನ್ನು ಡಿಸ್ಕ್ ಡ್ರೈವಿನ ಸಮೇತ ಕೊಡಿಸಿದ್ದರು. ಮದುವೆಯಾದಾಗ ಅದೂ ಸೀರೆಗಳ ಪೆಟ್ಟಿಗೆಯ ಜೊತೆ ನಮ್ಮ ಮನೆಗೆ ಬಂತು.

ಅದರಲ್ಲಿ ಅವಳು ಒಂದು ರಂಗೋಲಿಯ ಪ್ರೋಗ್ರಾಮ್ ಬರೆದಿದ್ದಳು. ಡಿಸ್ಕ್ ಹಾಕಿದರೆ ಟಿವಿಯ ಮೇಲೆ ಮೊದಲು ಚುಕ್ಕಿಗಳು ಮೂಡಿ, ಆಮೇಲೆ ಗೆರೆಗಳು ತಾವಾಗಿಯೇ ಎಳೆದುಕೊಳ್ಳುತ್ತವಂತೆ. 'ಅಂತೆ' ಎಂದೆ, ಯಾಕೆಂದರೆ ನಾನು ನೋಡಿರಲಿಲ್ಲ. ಹೊಸತರಲ್ಲಿ ಅವಳು ಎಷ್ಟೋ ಸಲ ಕರೆದಿದ್ದಳು. ಇಡ್ಲಿ ಹಿಟ್ಟು, ಹಾಲಿನವನು, ಮಾವನ ಸಿಟ್ಟು ಎಂದು ನಾನು ಏನೋ ಒಂದು ನೆವ ಹೇಳಿ 'ನಾಳೆ ನೋಡುವಾ' ಎನ್ನುತ್ತಿದ್ದೆ. ಆಮೇಲೆ ಅವಳನ್ನೇ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸಲು ಕೂರಿಸಿದೆ. ಡ್ರೈವ್ ಕೆಟ್ಟಿತು, ಕಂಪ್ಯೂಟರ್ ಅಟ್ಟ ಸೇರಿತು. ಮದುವೆಯಾದ ವರ್ಷದಿಂದಲೂ ಮಾಡುತ್ತಿದ್ದಂತೆ, ಆಯುಧ ಪೂಜೆಯ ದಿನ ಮಾತ್ರ ಅದನ್ನು ಇಳಿಸಿ, ಗ್ರೈಂಡರು, ಸ್ಕೂಟರುಗಳ ಪಕ್ಕದಲ್ಲಿ ಕೂರಿಸಿ, ನಾನೇ ಅರಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಮತ್ತೆ ಅಟ್ಟಕ್ಕೇರಿಸುತ್ತಿದ್ದೆ. ನಡೆಯದ ಆಯುಧಕ್ಕೆ ಇಷ್ಟು ಮರ್ಯಾದೆ ಕೊಟ್ಟ ಗಂಡಸು ಪುಣೆಯಲ್ಲಿ ಇನ್ನೊಬ್ಬನಿರಲಾರ.

ನಮ್ಮ ಮಗಳು ಶರಣ್ಯಾ ಧನಕವಡಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅಲ್ಲಿ ಹಳೆಯ ಕಂಪ್ಯೂಟರುಗಳ ಪ್ರದರ್ಶನವೊಂದನ್ನು ಏರ್ಪಡಿಸಿದರು. ಅಮ್ಮನ ರಂಗೋಲಿಯನ್ನು ತೋರಿಸಲೇಬೇಕು ಎಂದು ಅವಳು ಹಠ ಹಿಡಿದಳು. ಆಹ್ವಾನ ಪತ್ರಿಕೆಯಲ್ಲಿ ಲೀಲಾಕ್ಷಿಯ ಹೆಸರೂ ಅಚ್ಚಾಯಿತು. ಅದನ್ನು ಅವಳು ಗಲ್ಲೆಯ ಗಾಜಿನ ಕೆಳಗೆ, ಗಿರಾಕಿಗಳಿಗೆ ಕಾಣುವ ಹಾಗೆ, ಇಟ್ಟುಕೊಂಡಳು. ಮದುವೆಯ ಆಹ್ವಾನ ಪತ್ರಿಕೆಯ ನಂತರ ಅವಳ ಹೆಸರು ಅಚ್ಚಾದದ್ದು ಅದೇ ಮೊದಲು. ಡ್ರೈವನ್ನು ಗೊತ್ತಿದ್ದವರಿಗೆ ತೋರಿಸೋಣ, ನೀವು ಮಾತ್ರ ಕೈ ಹಾಕಬೇಡಿ ಎಂದು ನನಗೆ ತಾಕೀತು ಮಾಡಿ, ತಂಗಿ ವರದಾಳ ಮನೆಗೆ ಹೋದಳು.

ಕೈ ಹಾಕಬೇಡಿ ಎಂದರೆ ಕೈ ತುರಿಸದಿರುತ್ತದೆಯೇ? ಇಷ್ಟು ವರ್ಷ ನೋಡದ ತಪ್ಪಿಗೆ ನಾನೇ ರಿಪೇರಿ ಮಾಡಿ, ಅವಳು ಬರುವಷ್ಟರಲ್ಲಿ ಸಿದ್ಧವಾಗಿಟ್ಟು, ಕಾಫಿ ಕೊಟ್ಟು ಕೂರಿಸಿ ತೋರಿಸಬೇಕು ಎಂಬ ಘನ ಯೋಜನೆ ನನ್ನ ತಲೆಯಲ್ಲಿ ಉದಯಿಸಿತು. (ನನ್ನ ತಲೆಯಲ್ಲಿ ಏನೇ ಉದಯಿಸಿದರೂ ಮನೆಯಲ್ಲಿ ಕತ್ತಲಾಗುತ್ತದೆ ಎಂದು ಲೀಲಾಕ್ಷಿ ಹೇಳುವುದುಂಟು.)

ಡ್ರೈವಿನ ಮುಚ್ಚಳ ಬಿಚ್ಚಿದೆ. ಒಳಗೆ ಅಕ್ಷತೆ. ವರ್ಷವರ್ಷವೂ ನಾನು ಭಕ್ತಿಯಿಂದ ಹಾಕಿದ್ದೆಲ್ಲ ಅದರ ಬಾಯಿಯೊಳಗೆ ಹೋಗಿ ಸೇರಿಕೊಂಡಿತ್ತು. ಕುಂಕುಮ ಗಟ್ಟಿಕಟ್ಟಿ, ಅರಶಿನ ಹತ್ತಿದ ಅಕ್ಕಿ ಚಕ್ರದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಒಂದು ಒಗ್ಗರಣೆಗೆ ಸಾಲುವಷ್ಟು ಸಾಮಾನು ಹೊರಬಂತು. ಗುಡಿಸಿ, ಒರೆಸಿ ಮುಚ್ಚಿದೆ. ಡ್ರೈವಿನ ಜೊತೆ ಬಂದಿದ್ದ ಪರೀಕ್ಷೆಯ ಡಿಸ್ಕೊಂದಿತ್ತು. ಅದನ್ನು ಹಾಕಿದರೆ ಡ್ರೈವ್ ಗುರುಗುಟ್ಟಿ, ಟಿವಿಯ ಮೇಲೆ ಅಕ್ಷರಗಳು ಬಂದೇಬಿಟ್ಟವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಹೊತ್ತು ನಾನು ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದೆ.

ಆದರೆ ನಾನು ಹೋಟೆಲಿನವನು. ಸಾಂಬಾರು ಚೆನ್ನಾಗಿದೆಯೆಂದು ಗೊತ್ತಿದ್ದರೂ ಒಂದು ಸೌಟು ಬಾಯಿಗೆ ಹಾಕಿಕೊಳ್ಳದೆ ಗಿರಾಕಿಗೆ ಬಡಿಸುವವನಲ್ಲ. ಟಿವಿಯ ಮೇಲಿನ ಪಟ್ಟಿಯಲ್ಲಿ 'ಪೂರ್ಣ ಪರೀಕ್ಷೆ' ಎಂದೊಂದಿತ್ತು. ಇರಲಿ ಎಂದು ಅದನ್ನೇ ಒತ್ತಿದೆ. ಒಂದು ಡಿಸ್ಕ್ ಹಾಕು ಎಂದಿತು. ಮನೆಯಲ್ಲಿದ್ದ ಇನ್ನೊಂದು ಡಿಸ್ಕೆಂದರೆ ಲೀಲಾಕ್ಷಿಯದೇ. ಹಾಕಿದೆ. ಈ ಡಿಸ್ಕಿಗೆ ರಕ್ಷಣೆ ಇದೆ, ಮುಂದುವರಿಯಲಾಗದು ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ತಿಳಿಸಿತು. ಎಂತಹ ರಕ್ಷಣೆ? ಡಿಸ್ಕನ್ನು ತೆಗೆದು ತಿರುಗಿಸಿ ನೋಡಿದೆ. ಅಂಚಿನಲ್ಲಿ ಒಂದು ದೊಡ್ಡ ಮೆರೂನು ಟಿಕಲಿ, ಅಂಚನ್ನು ಸುತ್ತಿ ಹಿಂದಕ್ಕೂ ಮಡಚಿಕೊಂಡು ಅಂಟಿತ್ತು.

ನೋಡಿದಿರಾ, ಇಲ್ಲಿಯೂ ಎಂದುಕೊಂಡೆ. ಅಂಟು ಡ್ರೈವಿಗೆ ಹಿಡಿದು ಯಂತ್ರ ತಡವರಿಸುತ್ತಿದೆ ಎಂದು ತೀರ್ಮಾನಿಸಿದೆ. ತೆಂಗಿನೆಣ್ಣೆಯ ಒಂದು ತೊಟ್ಟು ಸವರಿ, ಮಗುವಿನ ಕಾಲಿನ ಮುಳ್ಳು ತೆಗೆಯುವಷ್ಟು ನಾಜೂಕಾಗಿ ಕಿತ್ತೆ. ಅಡಿಯಲ್ಲಿ ಒಂದು ಸಣ್ಣ ಚೌಕದ ಕಚ್ಚು ಇತ್ತು. ಒರೆಸಿ ಮತ್ತೆ ಹಾಕಿದೆ. ತಕರಾರು ಮಾಯ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆಮೇಲೆ ಏನೋ ಉದ್ದುದ್ದ ಎಚ್ಚರಿಕೆ ಬಂತು, ಕೊನೆಗೆ 'ಹೌದೋ ಅಲ್ಲವೋ' ಎಂದು ಕೇಳಿತು. ಹೋಟೆಲಿನವರ ಬಾಯಲ್ಲಿ 'ಇಲ್ಲ' ಬರುವುದಿಲ್ಲ. ದೋಸೆ ಉಂಟಾ ಎಂದರೆ ಉಂಟು, ಜಾಗ ಉಂಟಾ ಎಂದರೆ ಉಂಟು. ಪೂರ್ತಿ ಓದದೆ 'ಹೌದು' ಒತ್ತಿದೆ. ಡ್ರೈವ್ ಕಟಕಟ ಎನ್ನುತ್ತ ಒಂದೊಂದೇ ಸುತ್ತು ದಾಟಿ, ಕೊನೆಗೆ ಡಿಸ್ಕಿನಲ್ಲಿ ಯಾವ ದೋಷವೂ ಇಲ್ಲ ಎಂದು ಪ್ರಮಾಣಪತ್ರ ಕೊಟ್ಟಿತು. ಅದು ಸುಳ್ಳಲ್ಲ. ಒಳಗೆ ದೋಷವೂ ಇರಲಿಲ್ಲ, ರಂಗೋಲಿಯೂ ಇರಲಿಲ್ಲ.

ಸಂಜೆ ಲೀಲಾಕ್ಷಿ ಬಂದಳು, ಜೊತೆಗೆ ಶರಣ್ಯಾ. ನಾನು ಕಾಫಿ ಕೊಟ್ಟು ಇಬ್ಬರನ್ನೂ ಕೂರಿಸಿದೆ. ಟಿವಿಯ ಮೇಲೆ ಅಕ್ಷರಗಳು ಬೆಳಗಿದ್ದನ್ನು ಕಂಡು ಅವಳ ಮುಖ ಅರಳಿತು. 'ನೀವೇ ಸರಿ ಮಾಡಿದ್ದಾ?' ಎಂದಳು. ಅಷ್ಟು ಮೆಚ್ಚುಗೆಯ ದನಿಯನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ, ಇನ್ನು ಮುಂದೆ ಕೇಳುವ ಭರವಸೆಯೂ ಇಲ್ಲ. ಅವಳು ಡಿಸ್ಕನ್ನು ಕೈಗೆತ್ತಿಕೊಂಡು ಅಂಚನ್ನು ಬೆರಳಿನಿಂದ ಸವರಿದಳು.

'ಇದರ ಟಿಕಲಿ ಎಲ್ಲಿ?'

ಕಿತ್ತದ್ದನ್ನು ಹೆಮ್ಮೆಯಿಂದಲೇ ವರ್ಣಿಸಿದೆ, ತೆಂಗಿನೆಣ್ಣೆಯನ್ನೂ ಬಿಡದೆ. ವರ್ಣನೆ ಪರೀಕ್ಷೆಯವರೆಗೆ ಬಂದಾಗ ಶರಣ್ಯಾ ಲೋಟ ಕೆಳಗಿಟ್ಟಳು. ಆ ಕಚ್ಚು ತೆರೆದಿದ್ದರೆ ಡಿಸ್ಕಿನ ಮೇಲೆ ಹೊಸದಾಗಿ ಬರೆಯಬಹುದು, ಮುಚ್ಚಿದ್ದರೆ ಓದಬಹುದಷ್ಟೇ, ಪೂರ್ಣ ಪರೀಕ್ಷೆಯೆಂದರೆ ಇದ್ದದ್ದನ್ನೆಲ್ಲ ಅಳಿಸಿ ಬರೆದು ನೋಡುವುದು ಎಂದು ಅವಳು ವಿವರಿಸಿದಳು. ಯಾರೂ ಅಳಿಸದಿರಲಿ ಎಂದು ಅಮ್ಮ ತನ್ನ ಹಣೆಯ ಟಿಕಲಿಯನ್ನೇ ಅದಕ್ಕೆ ಹಚ್ಚಿದ್ದಳಂತೆ. ಮನೆ ತುಂಬ ಇರುವ ಟಿಕಲಿಗಳಲ್ಲಿ ಕೆಲಸಕ್ಕೆಂದು ಅಂಟಿಸಿದ್ದು ಅದೊಂದೇ, ನಾನು ಎಣ್ಣೆ ಹಚ್ಚಿ ಕಿತ್ತದ್ದೂ ಅದನ್ನೇ.

ಲೀಲಾಕ್ಷಿಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. ಅವಳ ಮರಾಠಿ ಕೇಳಿದರೆ ನಮ್ಮ ಸಪ್ಲಾಯರುಗಳು ಗೋದಾಮಿನಲ್ಲಿ ಅಡಗುತ್ತಾರೆ. ಆ ಸಂಜೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವಳು ಒಳಗೆ ಹೋದ ಮೇಲೆ ಶರಣ್ಯಾ ಮೆಲ್ಲಗೆ ಹೇಳಿದಳು, 'ಅಪ್ಪಾ, ರಂಗೋಲಿಯ ನಡುವೆ ಕೊನೆಗೆ ನಿಮ್ಮ ಹೆಸರು ಬರ್ತಿತ್ತು. ಚುಕ್ಕಿ ಚುಕ್ಕಿ ಸೇರಿ, ಕನ್ನಡದಲ್ಲಿ. ಸಣ್ಣವಳಿರುವಾಗ ನಾನು ನೋಡಿದ್ದೇನೆ. ನಿಮಗೆ ಗೊತ್ತೇ ಇರಲಿಲ್ವಾ?'

ಗೊತ್ತಿರಲಿಲ್ಲ. ನಿಶ್ಚಿತಾರ್ಥವಾದ ವಾರವೇ ಸೇರಿಸಿದ್ದಳಂತೆ. ಅವಳು ಅಷ್ಟು ಸಲ ಕರೆದದ್ದು ಯಾಕೆಂದು ಆಗ ತಿಳಿಯಿತು. ಒಂದು ಸಂಜೆ, ಒಂದೇ ಒಂದು ಸಂಜೆ, ಇಡ್ಲಿ ಹಿಟ್ಟು ಕಾಯುತ್ತಿರಲಿಲ್ಲವೇ?

ಮರುದಿನ ಲೀಲಾಕ್ಷಿ ಗಲ್ಲೆಗೆ ಬರಲಿಲ್ಲ. ಟಿವಿಯ ಎದುರು ಕೂತು ಪ್ರೋಗ್ರಾಮನ್ನು ನೆನಪಿನಿಂದಲೇ ಮತ್ತೆ ಬರೆಯತೊಡಗಿದಳು. ನಾನು ಹೋಟೆಲನ್ನೂ ಮನೆಯನ್ನೂ ನೋಡಿಕೊಂಡೆ, ಕೇಳದಿದ್ದರೂ ಕಾಫಿ ಸರಬರಾಜು ಮಾಡಿದೆ. ಗೆರೆಗಳು ಒಂದೊಂದಾಗಿ ಮರಳಿ ಬಂದವು. ಎಲ್ಲ ಮುಗಿದ ಮೇಲೆ ಧೈರ್ಯ ಮಾಡಿ ಕೇಳಿದೆ, ನಡುವೆ ಹೆಸರು ಬರ್ತಿತ್ತಂತಲ್ಲ, ಅದನ್ನು ಹಾಕಲಿಕ್ಕೆ ಆಗ್ತದಾ ಎಂದು.

'ಆಗ್ತದೆ,' ಎಂದಳು, ತಿರುಗಿ ನೋಡದೆ. 'ಆಗ ಯಾರೂ ಹೇಳದೆ ಹಾಕಿದ್ದೆ. ಈಗ ನೀವು ಹೇಳಿ ಹಾಕಿಸಿಕೊಂಡ್ರೆ ಅದು ಹೋಟೆಲಿನ ಬೋರ್ಡ್ ಆಗ್ತದೆ.'

ಹೊಸ ಪ್ರೋಗ್ರಾಮನ್ನು ಡಿಸ್ಕಿಗೆ ಹಾಕಿ, ಹಣೆಯ ಟಿಕಲಿಯನ್ನು ತೆಗೆದು ಕಚ್ಚಿಗೆ ಅಂಟಿಸಿದಳು. ಅಷ್ಟಕ್ಕೇ ಬಿಡದೆ, ಇನ್ನೊಂದು ಟಿಕಲಿಯನ್ನು ನನ್ನ ಸ್ಕ್ರೂಡ್ರೈವರಿಗೂ ಅಂಟಿಸಿದಳು. ಅದನ್ನು ನಾನು ಈವರೆಗೆ ಕಿತ್ತಿಲ್ಲ.

ಪ್ರದರ್ಶನದ ದಿನ ಧನಕವಡಿಯ ಕಾಲೇಜಿನಲ್ಲಿ ಅವಳ ಮೇಜಿನ ಸುತ್ತ ಜನ ಮುತ್ತಿದ್ದರು. ನಾನು ಕಾಫಿಯ ಫ್ಲಾಸ್ಕ್ ಹಿಡಿದು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಚುಕ್ಕಿಗಳು ಮೂಡಿದವು, ಗೆರೆಗಳು ಓಡಿದವು, ಎಸಳುಗಳು ಬಿರಿದವು. ನಾನು ರೆಪ್ಪೆ ಮಿಟುಕಿಸದೆ ನೋಡಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಇದೇ ಮೊದಲ ಸಲ. ರಂಗೋಲಿ ಮುಗಿಯಿತು. ನಡುವೆ ಒಂದಷ್ಟು ಜಾಗ ಖಾಲಿ ಉಳಿಯಿತು. ಒಬ್ಬ ಹುಡುಗಿ ಮರಾಠಿಯಲ್ಲಿ ಕೇಳಿದಳು, ಕಾಕೂ, ಇಷ್ಟು ಚಂದ ಬಿಡಿಸಿ ನಡುವೆ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು.

ಲೀಲಾಕ್ಷಿ ಬಹಳ ಮೃದುವಾದ ಮರಾಠಿಯಲ್ಲಿ, 'ತೇ ಬಘಾ, ತಿಥೇ ಉಭೇ ಆಹೇತ' ಎಂದು ನನ್ನ ಕಡೆ ಕೈ ತೋರಿಸಿದಳು. (ಅದೋ ನೋಡಿ, ಅಲ್ಲಿ ನಿಂತಿದ್ದಾರೆ.)

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಏನು ಮಾಡುವುದೆಂದು ತಿಳಿಯದೆ ನಾನು ಸಾಲಾಗಿ ಕಾಫಿ ಬಗ್ಗಿಸತೊಡಗಿದೆ.