ಸಮುದ್ರಕ್ಕೆ ಐದೇ ನಿಮಿಷ

ನಮ್ಮ ಮನೆ ಮಂದಿ ಊರು ಬಿಟ್ಟು ಹೊರಟರೆ ಏನಾದರೊಂದು ಆಗದೆ ವಾಪಸು ಬಂದದ್ದೇ ಇಲ್ಲ. ಮದುವೆಗೆ ಹೋದರೆ ಪಕ್ಕದ ಛತ್ರದಲ್ಲಿ ಉಂಡು, ಗುರುತಿಲ್ಲದ ಮದುಮಕ್ಕಳಿಗೆ ಅಕ್ಷತೆ ಹಾಕಿ ಬರುತ್ತೇವೆ. ಹಾಗಿರುವಾಗ ಸಮುದ್ರ ನೋಡಲು ಹೋದ ನಮ್ಮ ಕಥೆ ಏನಾಗಿರಬೇಡ!

ಎಂಬತ್ತರ ದಶಕದ ಶುರು. ನಾನು ತುರುವೇಕೆರೆ ಹತ್ತಿರದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಯಜಮಾನರಿಗೆ ತೆಂಗಿನ ತೋಟ. ಮನೆಯಲ್ಲಿ ನಾವಿಬ್ಬರು ಮತ್ತು ಎಪ್ಪತ್ತು ದಾಟಿದ ನಮ್ಮತ್ತೆ.

ಮೂರು ಜನ, ಮೂರು ಷರತ್ತು

ಶುರುವಾದದ್ದು ಅತ್ತೆಯಿಂದ. ಶೆಟ್ಟಿಕೆರೆಯಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದವರು. ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಬೇಸಗೆ ರಜೆಯಲ್ಲಿ ಒಂದು ದಿನ ರಾಗಿ ಕೇರುತ್ತಾ ಕೂತಿದ್ದವರು ಮೊರ ಕೆಳಗಿಟ್ಟು, "ಕಣ್ಣು ಮಂಜಾಗ್ತಾ ಐತೆ ಕಣವ್ವ. ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ಸಮುದ್ರ ತೋರಿಸ್ಬುಡ್ರಿ" ಅಂದರು.

ಅವರು ಅದುವರೆಗೆ ಏನನ್ನೂ ಬೇಕು ಅಂತ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮಲ್ಪೆಗೆ ಹೋಗೋಣ, ಅಲ್ಲಿಂದ ದೋಣಿಯಲ್ಲಿ ದ್ವೀಪಕ್ಕೂ ಹೋಗಿ ಬರಬಹುದು ಅಂತ ಯಜಮಾನರಿಗೆ ಹೇಳಿದೆ. ದ್ವೀಪದ ತುಂಬ ತೆಂಗಿನ ಮರಗಳಂತೆ ಅಂತ ಸೇರಿಸಿದ್ದು ನನ್ನ ತಪ್ಪು.

"ಎದ್ರೆ ತೆಂಗಿನಮರ, ಕೂತ್ರೆ ತೆಂಗಿನಮರ. ಅದನ್ನ ನೋಡೋಕೆ ದುಡ್ಡು ಕೊಟ್ಟು ರೂಮ್ ಮಾಡ್ಬೇಕೇನೇ?" ಅಂದರು.

ಆದರೂ ತಾಯಿಯ ಮಾತು, ಇಲ್ಲ ಅನ್ನಲಾರರು. "ಆಯ್ತು, ಆದ್ರೆ ಲಾಡ್ಜು ಅಗ್ಗದ್ದಾಗಿರ್ಬೇಕು" ಅಂದರು. ಅತ್ತೆಗೆ ಬಸ್ಸು ಹತ್ತಿದರೆ ವಾಂತಿ. "ಬಸ್ಸು ಇಳಿದ್ಮೇಲೆ ಇನ್ನೊಂದು ಗಾಡಿ ನಾನು ಹತ್ತಲ್ಲ. ರೂಮಿಂದ ಸಮುದ್ರಕ್ಕೆ ನಡ್ಕೊಂಡೇ ಹೋಗಂಗಿರ್ಬೇಕು" ಅಂದರು. ಬೆಳ್ಳುಳ್ಳಿ ವಾಸನೆಗೇ ಮೂಗು ಮುಚ್ಚುವ ಮನೆ ನಮ್ಮದು, ಅದಕ್ಕೆ ನಾನು, "ಹತ್ತಿರದಲ್ಲೇ ಸಸ್ಯಾಹಾರಿ ಹೋಟ್ಲು ಬೇಕು" ಅಂದೆ.

ಯಜಮಾನರು ಬೆರಳು ಮಡಿಸಿ ಮೂರೂ ಷರತ್ತು ಎಣಿಸಿದರು. "ಇಂಥಾ ಲಾಡ್ಜು ಹುಡುಕಿದ್ರೆ ಸಿಗಲ್ಲ ಕಣೇ. ನಾವೇ ಹೋಗಿ ಕಟ್ಟಿಸ್ಬೇಕು."

ನಂಬರು ಹಾಕದ ಉತ್ತರ

ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಮಲ್ಪೆಗೆ ಹೋಗಿ ಬಂದಿದ್ದರು. ಅವರ ಹತ್ತಿರ ಒಂದು ಲಾಡ್ಜಿನ ವಿಳಾಸ ಇಸಿದುಕೊಂಡು, ಉತ್ತರಕ್ಕೆ ಇನ್ನೊಂದು ಕಾರ್ಡು ಅಂಟಿಕೊಂಡಿರುತ್ತದಲ್ಲ, ಆ ಜವಾಬಿ ಕಾರ್ಡು ಬರೆದೆ. ಟೀಚರ ಬುದ್ಧಿ, ಪ್ರಶ್ನೆಗಳಿಗೆ ನಂಬರು ಹಾಕಿದೆ. ಒಂದು, ರೂಮು ಖಾಲಿ ಇದೆಯೆ? ಎರಡು, ಬಾಡಿಗೆ ಕಡಿಮೆಯೆ? ಮೂರು, ಸಮುದ್ರಕ್ಕೆ ನಡೆದು ಹೋಗಲು ಎಷ್ಟು ಹೊತ್ತು? ನಾಲ್ಕು, ಸಸ್ಯಾಹಾರಿ ಹೋಟೆಲು ಎಷ್ಟು ದೂರ?

ವಾರದಲ್ಲಿ ಉತ್ತರ ಬಂತು. ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು. "ಉಂಟು. ಹೌದು. ಐದು ನಿಮಿಷ. ನಡೆದು ಹೋಗಬಹುದು. ಬನ್ನಿ."

"ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ನಂಬರೇ ಹಾಕಿಲ್ಲ ಕಣ್ರೀ. ನಮ್ಮ ಸ್ಕೂಲಲ್ಲಾದ್ರೆ ಇದಕ್ಕೆ ಸೊನ್ನೆ" ಅಂದೆ.

ಯಜಮಾನರು ಕಾರ್ಡು ಕಿತ್ತುಕೊಂಡು ಎರಡನೇ ಉತ್ತರದ ಮೇಲೆ ಬೆರಳಿಟ್ಟರು. "ಬಾಡಿಗೆ ಕಮ್ಮಿ ಐತಂತಲ್ಲ. ಪಾಸು ಮಾಡ್ಬುಡು."

ಇಷ್ಟೊಂದು ನೀರು

ಘಾಟಿ ಇಳಿಯುವಷ್ಟರಲ್ಲಿ ಅತ್ತೆ ಸುಸ್ತಾಗಿ ನನ್ನ ಹೆಗಲಿಗೆ ಒರಗಿದ್ದರು. ಮಲ್ಪೆ ಮುಟ್ಟಿ ಲಾಡ್ಜಿಗೆ ನಡೆದೆವು. ಹಂಚಿನ ಮನೆ, ನಾಲ್ಕೇ ರೂಮು. ಮಾಲೀಕರು ಬಿಳಿ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಬನ್ನಿ. ಅಜ್ಜಿಗೆ ಮೊದಲು ನೀರು ಕೊಡಿ."

ಅತ್ತೆ ನೀರು ಕುಡಿಯಲೂ ಇಲ್ಲ. "ಸಮುದ್ರ ಎಲ್ಲೈತೆ?" ಅಂದರು.

"ಅದು ಅಲ್ಲೇ ಉಂಟು, ಅಜ್ಜಿ. ಎಲ್ಲಿಗೆ ಹೋಗ್ತದೆ?"

"ಐದು ನಿಮಿಷ ಅಂತ ಬರೆದಿದ್ರಲ್ಲ?" ಅಂತ ನಾನು ಕಾರ್ಡು ತೆಗೆದು ತೋರಿಸಿದೆ.

"ಅಯ್ಯೋ, ಅದು ಹೋಟೆಲಿಗೆ ಮಾರಾಯ್ರೆ! ನಾಲ್ಕನೇ ಪ್ರಶ್ನೆಗೆ ಮೊದಲು ಬರೆದೆ, ಊಟ ಮುಖ್ಯ ಅಲ್ವಾ? ಸಮುದ್ರಕ್ಕೆ, ನಡೆದು ಹೋಗಬಹುದು ಅಂತ ಆಮೇಲೆ ಬರೆದಿದ್ದೇನಲ್ಲ. ಇವತ್ತಿನವರೆಗೆ ನಡೆದು ಹೋದವರೆಲ್ಲ ವಾಪಸು ಬಂದಿದ್ದಾರೆ."

ಅಷ್ಟರಲ್ಲಿ ಕತ್ತಲಾಗಿತ್ತು, ಮಾರನೇ ದಿನ ಬೆಳಿಗ್ಗೆ ಹೊರಟೆವು. ಅತ್ತೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುವರು. ರಿಕ್ಷಾದವನು ಪಕ್ಕಕ್ಕೆ ಬಂದರೆ ಕೈ ಬೀಸಿ ಓಡಿಸುವರು. ಯಜಮಾನರು "ಎತ್ಕೊಂಡೋಗ್ಲೇನವ್ವಾ?" ಅಂದದ್ದಕ್ಕೆ "ನೀನು ಹುಟ್ಟಿದಾಗಿಂದ ಎತ್ಕೊಂಡಿದ್ದು ನಾನು, ಸುಮ್ನೆ ನಡಿ" ಅಂದರು. ಮುಕ್ಕಾಲು ಗಂಟೆ ಆಯಿತು. ಕೊನೆಗೆ ಮೀನು ದೋಣಿಗಳ ಸಾಲು ದಾಟಿದ ಮೇಲೆ ಎದುರಿಗೆ ಅದು ಕಂಡಿತು.

ಅತ್ತೆ ಮರಳಿನ ಮೇಲೆ ನಿಂತುಬಿಟ್ಟರು. ಅಲೆ ಬಂದು ಪಾದ ನೆನೆಸಿ ಹಿಂದಕ್ಕೆ ಹೋಯಿತು, ಇನ್ನೊಂದು ಬಂತು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು. ಯಜಮಾನರು ಆ ಕಡೆ ಮುಖ ತಿರುಗಿಸಿದ್ದರು. ಆಮೇಲೆ ಅತ್ತೆ ಒಂದು ತೊಟ್ಟು ನಾಲಗೆಗೆ ಹಾಕಿಕೊಂಡು ಥೂ ಅಂದು, ಬೇಜಾರಿನಿಂದ ತಲೆಯಾಡಿಸಿದರು.

"ಇಷ್ಟೊಂದು ನೀರು ಇಟ್ಕೊಂಡವ್ರೆ. ಒಂದು ಮರಕ್ಕೂ ಬಿಡೋಕಾಗಲ್ಲ."

ತೇಲಿ ಬಂದ ತೋಟ

ಮೂರನೇ ದಿನ ದ್ವೀಪ. ಅತ್ತೆ ಸುತರಾಂ ಬರಲಿಲ್ಲ. "ದೋಣಿ ಅಂದ್ರೆ ನೀರಿನ ಮ್ಯಾಲಿನ ಬಸ್ಸು. ನೀವೋಗಿ, ನಾನು ಮಲಗಿರ್ತೀನಿ" ಅಂದರು. ಮಾಲೀಕರಿಗೆ ಹೇಳಿ ನಾವಿಬ್ಬರೇ ಹೊರಟೆವು.

ದೋಣಿಯಲ್ಲಿ ಎಂಟು ಹತ್ತು ಜನ. ದ್ವೀಪ ಮುಟ್ಟಿದ್ದೇ ಎಲ್ಲರೂ ಅಲ್ಲಿ ತಾನಾಗಿಯೇ ಎದ್ದು ನಿಂತ ಕಲ್ಲಿನ ಕಂಬಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡರು. ನಾನು ಚಿಪ್ಪು ಆರಿಸಿದೆ. ನನ್ನ ಗಂಡ ಮಾತ್ರ ಬೆನ್ನ ಹಿಂದೆ ಕೈ ಕಟ್ಟಿಕೊಂಡು ತೆಂಗಿನ ಮರಗಳ ನಡುವೆ ತಿರುಗುತ್ತಿದ್ದರು, ತಪಾಸಣೆಗೆ ಬಂದ ಸಾಹೇಬರ ಹಾಗೆ. ಒಂದು ಮರದ ಬುಡ ಒದ್ದು ನೋಡಿದರು. ಇನ್ನೊಂದರ ಗರಿ ಎಳೆದು ತಿರುಗಿಸಿದರು. ಮುಖ ಬಿಗಿಯಾಗುತ್ತಾ ಬಂತು.

"ರೀ, ಸಮುದ್ರ ನೋಡ್ರೀ" ಅಂದೆ.

"ಅದನ್ನೇನು ನೋಡೋದು? ಇಲ್ನೋಡು, ಒಂದಕ್ಕೊಂದು ಅಂಟ್ಕೊಂಡು ನಿಂತವೆ. ಒಣಗಿದ ಗರಿ ಸವರಿಲ್ಲ, ಬುಡ ಬಿಡಿಸಿಲ್ಲ."

ಸೀದಾ ದೋಣಿಯವನ ಹತ್ತಿರ ಹೋದರು. "ಯಾರಪ್ಪಾ ಇದನ್ನ ನೆಟ್ಟೋನು? ಮರದಿಂದ ಮರಕ್ಕೆ ಮೂವತ್ತಡಿ ಬಿಡ್ಬೇಕು ಅನ್ನೋದು ಗೊತ್ತಾಗಲ್ವಾ?"

ದೋಣಿಯವನು ಬಾಯಿಂದ ಬೀಡಿ ತೆಗೆದು ಅವರನ್ನೇ ನೋಡಿದ. "ಯಾರೂ ನೆಟ್ಟದ್ದಲ್ಲ ಮಾರಾಯ್ರೆ. ಕಾಯಿ ನೀರಲ್ಲಿ ತೇಲಿ ಬಂದು ಹುಟ್ಟಿದ್ದಂತೆ."

ಯಜಮಾನರು ಮತ್ತೊಮ್ಮೆ ಮರಗಳ ಕಡೆ ತಿರುಗಿ ನೋಡಿದರು. "ತೇಲಿ ಬಂದ್ರೇನಂತೆ? ಒಂದು ಸಾಲಾಗಿ ಬರೋಕೇನಾಗಿತ್ತು!"

ಹಿಂದಿನ ಕಿಟಕಿ

ಇನ್ನು ಆ ರೂಮಿನ ಬಾಡಿಗೆ ಯಾಕೆ ಅಷ್ಟು ಕಡಿಮೆ ಅನ್ನುವ ವಿಷಯ. ಅದು ಹೋದ ದಿನವೇ ನಮ್ಮ ಮೂಗಿಗೆ ಗೊತ್ತಾಗಿತ್ತು. ಲಾಡ್ಜಿನ ಹಿಂದೆಯೇ ಮೀನು ಒಣಗಿಸುವ ಅಂಗಳ. "ಆ ಹಿಂದಿನ ಕಿಟಕಿ ಒಂದು ತೆಗೀಬೇಡಿ" ಅಂದಿದ್ದರು ಮಾಲೀಕರು. ಅತ್ತೆ ಆ ಗೋಡೆಗೆ ಬೆನ್ನು ಮಾಡಿ, ಕರ್ಪೂರದ ಗಂಟನ್ನು ಮೂಗಿಗೆ ಹಿಡಿದುಕೊಂಡೇ ಎರಡು ರಾತ್ರಿ ಕಳೆದಿದ್ದರು.

ದ್ವೀಪದಿಂದ ನಾವು ವಾಪಸು ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ರೂಮಿನ ಬಾಗಿಲು ತೆರೆದಿತ್ತು. ಅತ್ತೆ ಇರಲಿಲ್ಲ.

ಮಾಲೀಕರು ಊಟ ಮಾಡಿ ಮಲಗಿದ್ದವರು ಗಾಬರಿಯಾಗಿ ಎದ್ದರು. ಯಜಮಾನರು ಚಪ್ಪಲಿಯನ್ನೂ ಮೆಟ್ಟದೆ ಸಮುದ್ರದ ದಾರಿ ಹಿಡಿದು ಓಡಿದರು. ಗುರುತಿಲ್ಲದ ಊರು, ಅರ್ಥವಾಗದ ತುಳು, ಮಂಜುಗಣ್ಣಿನ ಮುದುಕಿ. ನಾನು ಹೋಟೆಲಿಗೆ ಹೋಗಿ ಕೇಳಿದೆ, ಬಸ್ಸು ನಿಲ್ಲುವ ಕಡೆ ನೋಡಿದೆ. ಎಲ್ಲೂ ಇಲ್ಲ. ರೂಮಿಗೆ ಬಂದು ಕೂತಾಗ ಕಣ್ಣಿಗೆ ಬಿತ್ತು: ಹಿಂದಿನ ಕಿಟಕಿ ಹಾರು ಹೊಡೆದಿತ್ತು. ಅದರಾಚೆಯಿಂದ ಚೆನ್ನಾಗಿ ಗುರುತಿರುವ ಒಂದು ದನಿ. "ಹುಶ್! ಹುಶ್!"

ಓಡಿದೆ. ಅಂಗಳದ ತುಂಬ ಚಾಪೆ, ಚಾಪೆ ತುಂಬ ಮೀನು. ನಡುವೆ ಒಂದು ಮಣೆಯ ಮೇಲೆ ನಮ್ಮತ್ತೆ. ಒಂದು ಕೈಯಲ್ಲಿ ಸೆರಗು ಮೂಗಿಗೆ, ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲು.

"ಅತ್ತೇ! ಏನಿದು?"

"ಏನಿಲ್ಲ ಕಣವ್ವ. ದೋಣಿ ಬಂತು ಅಂತ ಇದನ್ನ ಒಣಗಾಕಿದ್ದ ಹೆಣ್ಮಗಳು ಎಲ್ಲಾ ಹಂಗೇ ಬುಟ್ಟು ಓಡೋದ್ಲು. ಕಿಟಕೀಲಿ ನೋಡಿದ್ರೆ ಕಾಗೆ ಮುತ್ಕೊಂಡವೆ. ಒಬ್ರ ದುಡಿಮೆ ಕಾಗೆ ಪಾಲಾಗೋದನ್ನ ನೋಡ್ಕೊಂಡು ಮಲಕ್ಕೊಳ್ಳೋಕಾಯ್ತದಾ?"

"ಅದು ಮೀನು, ಅತ್ತೆ!"

"ಅದೇನೋ ನಂಗೊತ್ತಿಲ್ಲ. ನಾನು ಆ ಕಡೆ ನೋಡೇ ಇಲ್ಲ. ನಾನು ಬರೀ ಕಾಗೆ ನೋಡ್ತಿದ್ದೀನಿ."

ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತಾ ಬಂದರು. ತಾಯಿಯನ್ನು ಕಂಡು ಅಳಬೇಕೋ ಬೈಯಬೇಕೋ ತಿಳಿಯದೆ ಬಾಯಿ ತೆರೆದರು. ಅತ್ತೆ ಅವಕಾಶವನ್ನೇ ಕೊಡಲಿಲ್ಲ. "ಸುಮ್ನೆ ನಿಂತ್ಕೊಬ್ಯಾಡ ಕಣ್ಲಾ, ಆ ಮೂಲೇಲೊಂದು ಹೊಂಚಾಕ್ತಾ ಐತೆ, ಓಡ್ಸು." ಯಜಮಾನರು ಓಡಿಸಿದರು. ಹೀಗೆ ಮೂರು ತಲೆಮಾರಿನಿಂದ ಮೊಟ್ಟೆ ಮುಟ್ಟದ ಮನೆಯ ನಾವು ಮೂವರೂ ಸೇರಿ ಸಂಜೆಯವರೆಗೆ ಮೀನು ಕಾದೆವು.

ಆ ಹೆಂಗಸು ಬಂದಳು. ಒಂದು ಮೀನೂ ಕಡಿಮೆಯಾಗದ ಚಾಪೆಗಳನ್ನು ನೋಡಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ತುಳುವಿನಲ್ಲಿ ಏನೋ ಹೇಳಿದಳು, ಕಣ್ಣಲ್ಲಿ ನೀರಿತ್ತು. ಅತ್ತೆ ಕನ್ನಡದಲ್ಲಿ "ಇರ್ಲಿ ಬುಡು ತಾಯಿ" ಅಂದರು. ಅವಳು ಒಳಗೆ ಓಡಿ ಹೋಗಿ, ಇದ್ದುದರಲ್ಲೇ ದೊಡ್ಡ ದೊಡ್ಡ ಒಣಮೀನು ಆರಿಸಿ, ಎಲೆಯಲ್ಲಿ ಸುತ್ತಿ ತಂದು ಅತ್ತೆಯ ಮಡಿಲಿಗೇ ಇಟ್ಟಳು.

ಅತ್ತೆ ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಮುಖದ ನಗು ಒಂದಿಷ್ಟೂ ಕೆಡದ ಹಾಗೆ ನನ್ನ ಕಡೆ ಚಾಚಿದರು.

"ಬ್ಯಾಡ ಅಂದ್ರೆ ನೊಂದ್ಕೊತಾಳೆ. ತಗಾ, ನಿನ್ನ ಬ್ಯಾಗಿಗೆ ಹಾಕ್ಕೋ."

"ನನ್ನ ಬ್ಯಾಗಿಗಾ? ನಿಮ್ಮ ಚೀಲಕ್ಕೇ ಹಾಕ್ಕೊಳ್ಳಿ, ಅತ್ತೆ!"

"ನನ್ನ ಚೀಲದಲ್ಲಿ ವಿಭೂತಿ ಐತೆ ಕಣವ್ವ. ನಿನ್ನದ್ರಲ್ಲಿ ಬರೀ ಪೌಡ್ರು."