ಸಾಹೇಬರ ಲೆನ್ಸಿಗೆ ಕುಂಕುಮ

ಕ್ಯಾಮೆರಾದ ಮೂತಿಗೆ ಮುಷ್ಟಿಗಾತ್ರದ ಲೆನ್ಸು ಕೂತಿದ್ದರೂ ಪರದೆ ಮಾತ್ರ ‘ಲೆನ್ಸ್ ಇಲ್ಲ’ ಎನ್ನುತ್ತಿತ್ತು. ಹೆಂಡತಿ ಪಕ್ಕದಲ್ಲಿರುವಾಗಲೇ ಗಂಡ ತಾನು ಬ್ರಹ್ಮಚಾರಿ ಎಂದಂತೆ. ಸುಧೀರ ಗುಂಡಿ ಒತ್ತಿಯೇ ಒತ್ತಿದ. ಚಿತ್ರ ಬರಲಿಲ್ಲ, ಬೆವರು ಬಂತು.

ಕ್ಯಾಮೆರಾ ಅವನದಲ್ಲ. ವಾಸ್ಕೋದ ಹಡಗು ಕಂಪನಿಯಲ್ಲಿ ಅವನ ಸಾಹೇಬರಾದ ಅಪ್ಪಾಸಾಬರದು. ಲೆನ್ಸಂತೂ ಅವರ ತೀರಿಹೋದ ತಂದೆಯದು, ಐವತ್ತು ವರ್ಷ ಹಳೆಯದು, ಮೈಮೇಲಿನ ಬಳೆ ತಿರುಗಿಸಿ ಕೈಯಿಂದಲೇ ಫೋಕಸ್ ಮಾಡುವಂಥದು. ನಡುವೆ ಒಂದು ಲೋಹದ ಉಂಗುರ ಹಾಕಿ ಅದನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿದ್ದರು. ಸಂಜೆ ನಾಲ್ಕಕ್ಕೆ ಅವರ ತಾಯಿಗೆ ಎಂಬತ್ತು ತುಂಬಿದ ಆರತಿ. ಫೋಟೋ ತೆಗೆಯಲು ಸುಧೀರನೇ ಬೇಕೆಂದು ಹಿಂದಿನ ದಿನ ಕೊಟ್ಟು ಕಳಿಸಿದ್ದರು. ಅವನ ನೌಕರಿ ಕಾಯಂ ಆಗುವ ಕಾಗದ ಇನ್ನೂ ಅವರ ಡ್ರಾವರಿನಲ್ಲಿತ್ತು.

“ಮುಖ ಸುಟ್ಟ ಬದನಿಕಾಯಿ ಆಗೇತಲ್ರಿ ಸರ!” ಎನ್ನುತ್ತ ಕೆಳಮನೆಯ ಯಮನೂರಪ್ಪ ಬಂದ. ಬಾಡಿಗೆ ಮೋಟರ್‌ಸೈಕಲ್ ಓಡಿಸುವವನು. ಎರಡು ಗಿರಾಕಿ ಬಿಟ್ಟು ಕೂತು ಲೆನ್ಸು ಕಳಚಿ ನೋಡಿದ. “ಟೂರಿಸ್ಟರ ಲೆನ್ಸಿನ ಹಿಂದ ಸಣ್ಣ ಪಿತ್ತಳಿ ಚುಕ್ಕಿ ಇರ್ತಾವ್ರಿ. ಇದರಾಗ ಒಂದೂ ಇಲ್ಲ. ಯಾರೋ ಕಿತ್ತಾರ!”

“ನಿನ್ನಿಯಿಂದ ನನ್ನ ಹಂತ್ಯಾಕ ಐತಲ್ಲೋ!”

“ಹಂಗಾರ ನೀವ ಕಿತ್ತಿರಿ ಅಂತಾರ. ಅಂಜಬ್ಯಾಡ್ರಿ, ಪೊಲೀಸರಿಗೇನ ಕೊಡೂದಿಲ್ಲ.”

ಪೊಲೀಸರ ಯೋಚನೆ ಸುಧೀರನಿಗೆ ಅದುವರೆಗೆ ಬಂದೇ ಇರಲಿಲ್ಲ. ಸಾಹೇಬರಿಗೆ ಫೋನ್ ಮಾಡಲು ಮೊಬೈಲ್ ಎತ್ತಿದ. ಹೆಸರು ಹುಡುಕಿ, ಒತ್ತದೆ ಕೆಳಗಿಟ್ಟ.

ಅಷ್ಟರಲ್ಲಿ ಎದುರುಮನೆಯ ಸರಸ್ವತಿಬಾಯಿ ಬಂದರು. ಅವರ ಮನೆಯ ಮಿಕ್ಸರ್, ಗೀಸರ್ ಎಲ್ಲದರ ಹಣೆಯಲ್ಲೂ ಕುಂಕುಮ. “ಪೂಜಿ ಮಾಡಲಾರದ ಮಿಷನ್ನಿಗೆ ಕೈ ಹಚ್ಚಿದ್ರ ಇನ್ನೇನಾಗ್ತದ ಸುಧೀರಾ?” ಎಂದವರೇ, ಈ ಯಂತ್ರಕ್ಕೆ ಹಣೆ ಎಲ್ಲಿದೆ ಎಂದು ಹುಡುಕಿದರು. ಹೊಳೆಯುವುದು ಗಾಜೊಂದೇ. ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದ ಬೆರಳಿನಿಂದ ಅದರ ಮೇಲೆಯೇ ಅರಿಶಿನ-ಕುಂಕುಮ ಹಚ್ಚಿಬಿಟ್ಟರು.

“ಕಾಕೂ! ಏನ ಮಾಡಿದ್ರಿ!”

ಕರವಸ್ತ್ರದಿಂದ ಒರೆಸಿದ. ಬೊಟ್ಟು ಹೋಯಿತು, ಗಾಜಿನ ತುಂಬ ಕೆಂಪು ಹಳದಿ ಜಿಡ್ಡು ಹರಡಿತು. ಹೆಚ್ಚು ತಿಕ್ಕಿದರೆ ಗೀರು ಬಿದ್ದೀತೆಂದು ಕೈಬಿಟ್ಟ. ಕಾಕೂ ಸಪ್ಪೆ ಮುಖದಲ್ಲಿ ತಮ್ಮ ಮನೆಗೆ ಹೋಗಿ ಎರಡು ಶೇಂಗಾದುಂಡಿ ತಂದು ಅವನ ಚೀಲಕ್ಕೆ ಹಾಕಿದರು. ಅಂಜಿದವರಿಗೆ ಹಸಿವು ಹೆಚ್ಚು ಎಂಬುದು ಅವರಿಗೆ ಗೊತ್ತು. ಯಮನೂರಪ್ಪ ಬಾಡಿಗೆ ಕೇಳದೆ ಸಾಹೇಬರ ಮನೆವರೆಗೆ ಬಿಟ್ಟುಬಂದ.

“ಸಾಹೇಬ್ರ, ಇದು ಲೆನ್ಸ್ ಇಲ್ಲ ಅಂತದ್ರಿ. ನಾ ಏನೂ ಕಿತ್ತಿಲ್ರಿ,” ಎಂದ ಸುಧೀರ, ಬಲಿಯ ಕುರಿಯಂತೆ.

ಅಪ್ಪಾಸಾಬರು ನಕ್ಕರು. “ಹಳೇ ಲೆನ್ಸಿಗೆ ಕರೆಂಟಿನ ಸಂಬಂಧನ ಇಲ್ಲೋ ಮಾರಾಯ. ಲೆನ್ಸ್ ಕಾಣದಿದ್ರೂ ಫೋಟೋ ತೆಗಿ ಅಂತ ಮೆನುವಿನಾಗ ಹೇಳಬೇಕಾಗ್ತದ. ಮೊನ್ನೆ ಎಲ್ಲಾ ರಿಸೆಟ್ ಮಾಡಿದ್ದೆ, ನನಗ ಮರತ ಹೋತು.” ಎರಡು ಗುಂಡಿ ಒತ್ತಿ ಕೊಟ್ಟರು. ಬೆಳಗಿನ ಭಯವೆಲ್ಲ ವ್ಯರ್ಥ. ಉಳಿದದ್ದು ಜಿಡ್ಡು, ಅದು ಸಾಹೇಬರ ಕಣ್ಣಿಗೆ ಬೀಳಲಿಲ್ಲ.

ಸುಧೀರ ಬಳೆ ತಿರುಗಿಸಿ ಮೂವತ್ತು ಫೋಟೋ ತೆಗೆದ. ಆರತಿ ಮುಗಿದ ಮೇಲೆ ಸಾಹೇಬರು ಚಿತ್ರಗಳನ್ನು ಟಿವಿಗೆ ಹಾಕಿದರು. ಎಲ್ಲವೂ ಮಸುಕು, ದೀಪದ ಸುತ್ತ ಹೊಂಬಣ್ಣದ ಮಂಜು, ಅಜ್ಜಿಯ ಕೆನ್ನೆಗೆ ಸಂಜೆಗೆಂಪು. ಸುಧೀರ ಕಣ್ಣು ಮುಚ್ಚಿದ.

“ನಿಮ್ಮಪ್ಪ ತೆಗದಂಗನ ಬಂದಾವ,” ಎಂದು ಅಜ್ಜಿ ಮಗನತ್ತ ನೋಡಿ ಕಣ್ಣೊರೆಸಿಕೊಂಡರು.

ಸಾಹೇಬರು ಅವನ ಬೆನ್ನು ತಟ್ಟಿದರು. “ಮುಂದಿನ ತಿಂಗಳ ಕಾಣಕೋಣ ಊರಾಗ ನನ್ನ ಮಗಳ ಮದುವಿ. ಫೋಟೋ ನಿಂದ. ಇದ ಬಣ್ಣ, ಇದ ಮಂಜು ಬರಬೇಕ ನೋಡು. ಅವನ್ನ ನೋಡಿ ನಿನ್ನ ಕಾಯಂ ಕಾಗದಕ್ಕ ಸಹಿ ಹಾಕ್ತೀನಿ.” ಹಾಗೆನ್ನುತ್ತಲೇ, ಎಂದಿನ ಅಭ್ಯಾಸದಂತೆ, ಮೆತ್ತನೆ ಬಟ್ಟೆ, ಗಾಜು ಒರೆಸುವ ಔಷಧಿ ತೆಗೆದು ಲೆನ್ಸನ್ನು ಫಳಫಳ ಒರೆಸಿಟ್ಟರು.

ಸುಧೀರ ಮನೆಗೂ ಹೋಗದೆ ನೇರವಾಗಿ ಎದುರುಮನೆಯ ಬಾಗಿಲು ಬಡಿದ. “ಕಾಕೂ, ಮುಂಜಾನೆ ಬೆರಳಿಗೆ ಎಣ್ಣಿ ಎಷ್ಟಿತ್ತರಿ? ಅರಿಶಿನ ಎಷ್ಟು, ಕುಂಕುಮ ಎಷ್ಟು? ಇನ್ನೊಮ್ಮೆ ಹಚ್ಚಿಕೊಡಬೇಕ್ರಿ!”

ಸರಸ್ವತಿಬಾಯಿ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

“ಇಲ್ಲಪ್ಪಾ, ನಿನ್ನ ಮಿಷನ್ ಕೆಡಿಸಿದ ಪಾಪಕ್ಕ ಇಡೀ ದಿನ ಉಪವಾಸ ಇದ್ದೆ. ಈಗಷ್ಟ ಗುಡಿಗೆ ಹೋಗಿ ಶಾಂತಾದುರ್ಗಿ ಮುಂದ ಆಣಿ ಮಾಡಿ ಬಂದೇನಿ. ಸಾಯೂತನಕ ಮಂದಿ ಮಿಷನ್ ಮುಟ್ಟೂದಿಲ್ಲ.”