ಎರಡು ಗೆರೆಗಳ ನಡುವಿನ ಏಳು ನಿಮಿಷ

ಉಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಣದ ಮಾತಲ್ಲ, ವಿಡಿಯೋಗಳ ಮಾತು. ‘ಆಮೇಲೆ ನೋಡೋಣ’ ಎಂದು ನನ್ನ ಮೊಬೈಲಿನಲ್ಲಿ ಇಳಿಸಿಟ್ಟುಕೊಂಡವು ಆರುನೂರ ಹನ್ನೆರಡು. ಬೆನ್ನುನೋವಿಗೆ ವ್ಯಾಯಾಮ, ಗಡಿಯಾರ ರಿಪೇರಿಯ ಇಪ್ಪತ್ತೊಂದು ಕಂತು, ಯಾರೋ ಪುಣ್ಯಾತ್ಮ ಮೂರು ಗಂಟೆ ಕೂತು ಒಂದೇ ಒಂದು ಮರದ ಸ್ಟೂಲು ಮಾಡುವ ನೇರಪ್ರಸಾರ, ಎಲ್ಲವೂ ಇವೆ. ಅವುಗಳಲ್ಲಿ ಎಷ್ಟು ನೋಡಿದ್ದೀರಿ ಎಂದು ಮಾತ್ರ ಕೇಳಬೇಡಿ. ಕೇಳುವುದಕ್ಕೆ ಮನೆಯಲ್ಲಿ ಒಬ್ಬಳಿದ್ದಾಳೆ.

ಅವಳು ಬಸ್ ಡಿಪೋದಲ್ಲಿ ಟೈಂಕೀಪರ್. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆದಿಡುವುದು ಅವಳ ಕೆಲಸ. ಮನೆಗೆ ಬಂದ ಮೇಲೂ ಆ ಕೆಲಸ ಬಿಟ್ಟಿಯಾಗಿ ಮುಂದುವರಿಯುತ್ತದೆ. ಇಲ್ಲಿ ಬಸ್ಸು ನಾನೊಬ್ಬನೇ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹತ್ತೊಂಬತ್ತು ವರ್ಷಗಳಿಂದ ಕೆಂಪು ಪೆನ್ನು ಹಿಡಿದು ಊರವರ ತಪ್ಪುಗಳನ್ನೆಲ್ಲ ಸರಿಪಡಿಸುತ್ತಿದ್ದೇನೆ. (ನನ್ನ ತಪ್ಪುಗಳನ್ನು ಸರಿಪಡಿಸುವ ಹೊಣೆ ಮದುವೆಯಾದಂದಿನಿಂದ ಬೇರೆಯವರದು.)

ಇನ್ನು ನಮ್ಮ ಮಾವ, ಅಂದರೆ ಅವಳ ಅಪ್ಪ. ಸರಕು ಹಡಗಿನಲ್ಲಿ ಚೀಫ್ ಎಂಜಿನಿಯರ್. ಮನೆಯಲ್ಲೂ ಎಲ್ಲರಿಗೂ ಅವರು ಚೀಫೇ. ನಾಲ್ಕು ತಿಂಗಳು ಸಮುದ್ರದ ಮೇಲೆ, ಎರಡು ತಿಂಗಳು ನನ್ನ ತಲೆಯ ಮೇಲೆ.

ಆ ಶನಿವಾರ ಅವರ ಹಡಗು ಸಂಜೆ ಐದಕ್ಕೆ ಹೊರಡುವುದಿತ್ತು. ಅದೇ ದಿನ ಮೂರು ಗಂಟೆಗೆ ನನ್ನ ಮಗಳ ಈಜು ಸ್ಪರ್ಧೆ. ಹತ್ತು ವರ್ಷದ ಅವಳಿಗೆ ಈಜು ಕಲಿಸಿದವರು ಚೀಫ್. ಕಪ್ಪೆಮರಿ ಎಂದು ಅಡ್ಡಹೆಸರಿಟ್ಟವರೂ ಅವರೇ. ಪ್ರತಿ ರಜೆಯಲ್ಲೂ ಸೊಂಟದುದ್ದ ನೀರಿನಲ್ಲಿ ನಿಂತು ಅವಳ ಹೊಟ್ಟೆಗೆ ಕೈ ಆನಿಸಿ ಹಿಡಿದವರು, ಅವಳು ಸ್ಪರ್ಧೆಯಲ್ಲಿ ಈಜುವುದನ್ನು ಇದುವರೆಗೆ ಒಮ್ಮೆಯೂ ನೋಡಿರಲಿಲ್ಲ. ಸ್ಪರ್ಧೆ ಬಂದಾಗಲೆಲ್ಲ ಹಡಗು ಎಲ್ಲೋ ನಡುನೀರಿನಲ್ಲಿರುತ್ತಿತ್ತು. ಈ ಸಲವೂ ಎರಡು ಗಂಟೆಯಲ್ಲಿ ತಪ್ಪಿಹೋಗುತ್ತದೆ ಎಂದು ತಿಳಿದಾಗ ಅವರು ಕನ್ನಡಕ ಒರೆಸಿಕೊಂಡರು.

ಈಜುಕೊಳದ ಗ್ಯಾಲರಿ ರಿಪೇರಿಯಲ್ಲಿತ್ತು, ಪೋಷಕರಿಗೂ ಪ್ರವೇಶವಿರಲಿಲ್ಲ. ಶಾಲೆಯವರು ನೇರಪ್ರಸಾರ ಮಾಡುತ್ತಾರೆ, ಮುಗಿದ ಕೂಡಲೇ ಅಳಿಸಿಬಿಡುತ್ತಾರೆ. ಆ ಹೊತ್ತಿಗೆ ಚೀಫ್ ಎಂಜಿನ್ ಕೋಣೆಯ ತಳದಲ್ಲಿರುತ್ತಾರೆ, ಅಲ್ಲಿಗೆ ನೆಟ್ ಬರುವುದಿಲ್ಲ. ದಡ ಕಣ್ಮರೆಯಾದರೆ ನಾಲ್ಕು ತಿಂಗಳು ವಿಡಿಯೋ ಕನಸಿನ ಮಾತು. ಅರ್ಧ ಗಂಟೆಯ ವಿಡಿಯೋ ಮೆಸೇಜಿನಲ್ಲೂ ಹೋಗುವುದಿಲ್ಲ. ಹಾಗಾಗಿ ನೇರಪ್ರಸಾರವನ್ನು ಇಳಿಸಿಕೊಂಡು, ನಾಲ್ಕೂವರೆಯೊಳಗೆ ಬಂದರಿನ ಗೇಟಿಗೆ ಒಯ್ದು, ಅವರ ಟ್ಯಾಬಿಗೆ ಹಾಕಿಕೊಡಬೇಕು. ತಿಂಡಿ ತಿನ್ನುತ್ತಾ ನಾನು ಎಲ್ಲರೆದುರು ಎದೆ ತಟ್ಟಿಕೊಂಡು ಹೇಳಿದೆ, ಅದನ್ನು ನನಗೆ ಬಿಟ್ಟುಬಿಡಿ ಎಂದು.

ಎರಡೂವರೆಗೆ ಕಾರ್ಯಾರಂಭ. ಎರಡು ಮೂವತ್ತೊಂದಕ್ಕೆ ಮೊದಲ ಆಘಾತ. ಮುಗಿದ ವಿಡಿಯೋ ಇಳಿಸಿಕೊಳ್ಳುವುದಕ್ಕೆ ಗುಂಡಿಯಿರುತ್ತದೆ. ನಡೆಯುತ್ತಿರುವ ಪ್ರಸಾರಕ್ಕೆ ಆ ಗುಂಡಿ ಬೂದುಬಣ್ಣಕ್ಕೆ ತಿರುಗಿ ಸತ್ತು ಬಿದ್ದಿರುತ್ತದೆ. ಆರುನೂರ ಹನ್ನೆರಡರ ಅನುಭವ ಒಂದೇ ನಿಮಿಷದಲ್ಲಿ ನೀರುಪಾಲಾಯಿತು. ನೇರಪ್ರಸಾರ ಇಳಿಸಿಕೊಡುತ್ತೇವೆ ಎನ್ನುವ ಒಂದು ಜಾಲತಾಣ ಸಿಕ್ಕಿತು. ಅದರಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿಗಳು ಏಳಿದ್ದವು. ದೊಡ್ಡದನ್ನು ಒತ್ತಿದೆ. ನಿಮ್ಮ ಮೊಬೈಲಿನಲ್ಲಿ ಒಂಬತ್ತು ವೈರಸ್ ಇವೆ ಎಂದು ಒಂದು ಹೆಣ್ಣುದನಿ ಬಹಳ ಕಕ್ಕುಲಾತಿಯಿಂದ ಹೇಳಿತು.

ಎರಡು ನಲವತ್ತೆಂಟು, ಎಂದಳು ಟೈಂಕೀಪರ್, ಹಿಂದಿನಿಂದ.

ಕೊನೆಗೆ ದಾರಿ ಹೊಳೆಯಿತು. ಪರದೆಯ ಮೇಲೆ ಬರುವುದನ್ನೆಲ್ಲ ಹಾಗೆಹಾಗೇ ರೆಕಾರ್ಡು ಮಾಡಿಕೊಳ್ಳುವ ಸೌಕರ್ಯ ನನ್ನ ಮೊಬೈಲಿನಲ್ಲೇ ಇತ್ತು. ಧ್ವನಿ ಯಾವುದು ಬೇಕು ಎಂದು ಕೇಳಿತು. ಪ್ರಸಾರದ್ದು ಮಾತ್ರವೇ, ಮೈಕಿನದೂ ಸೇರಿಯೇ? ಜಿಪುಣತನ ಏಕೆಂದು ಎರಡನ್ನೂ ಒತ್ತಿದೆ. ಆಗ ಅದು ಜಾಗವಿಲ್ಲ ಎಂದಿತು.

“ಆ ಸ್ಟೂಲಿನವನನ್ನ ಮೊದಲು ಹೊರಗೆ ಹಾಕಿ,” ಎಂದಳು.

“ಅದು ಬಹಳ ಅಪರೂಪದ್ದು ಕಣೇ.”

“ರೀ, ಎರಡು ಐವತ್ತೈದು. ಸ್ಟೂಲೋ, ನಮ್ಮಪ್ಪನೋ, ಹೇಳಿಬಿಡಿ.”

ಒಂದು ಕ್ಷಣ ಯೋಚಿಸಿದೆ ಎಂಬುದನ್ನು ನಿಮ್ಮೆದುರು ಮುಚ್ಚಿಡುವುದಿಲ್ಲ. ಆಮೇಲೆ ಸ್ಟೂಲಿನವನನ್ನೂ ಗಡಿಯಾರದವನನ್ನೂ ಬೆನ್ನುನೋವಿನವರನ್ನೂ ಸಾಲಾಗಿ ಬೀಳ್ಕೊಟ್ಟೆ. ಸರಿಯಾಗಿ ಮೂರಕ್ಕೆ ರೆಕಾರ್ಡಿನ ಕೆಂಪು ಚುಕ್ಕೆ ಹೊತ್ತಿಕೊಂಡಿತು.

ಮೊದಲು ಶಾಲೆಯ ಮುಖ್ಯಸ್ಥರ ಭಾಷಣ. ನೀರಿನ ಮಹತ್ವದಿಂದ ಶುರುವಾದದ್ದು ಹತ್ತು ನಿಮಿಷ ಕಳೆದರೂ ನೀರಿಗೆ ಇಳಿಯಲಿಲ್ಲ. ನನಗೂ ಬಾಯಿ ತುರಿಸಿತು. ಎರಡು ತಿಂಗಳು ನುಂಗಿಕೊಂಡದ್ದನ್ನೆಲ್ಲ ಕಕ್ಕುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಚೀಫ್ ಮನೆಯ ಮೂರು ನಲ್ಲಿಗಳನ್ನು ಸ್ಪ್ಯಾನರಿನಿಂದ ಬಿಗಿದು, ಮುಖ ತೊಳೆಯಬೇಕಾದರೂ ಮೈಮೇಲೆ ದೆವ್ವ ಬರಬೇಕಾದ ಸ್ಥಿತಿ ತಂದದ್ದು. ಬೆಳಗ್ಗೆ ಆರಕ್ಕೆ ಟಾರ್ಚು ಹಿಡಿದು ಮನೆಯೆಲ್ಲ ತಪಾಸಣೆ ಮಾಡುವುದು. ಬಚ್ಚಲಿನಲ್ಲಿ ಅವರು ಹಾಡುವಾಗ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುವುದು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ತಿದ್ದಿದ ಕರಡನ್ನು ಮತ್ತೆ ಓದಿ ಅದರಲ್ಲಿ ತಪ್ಪು ಹುಡುಕುವುದು (ಮತ್ತು ಅದು ನಿಜವಾಗಿಯೂ ಇರುವುದು), ಇಷ್ಟನ್ನೂ ಸವಿಸ್ತಾರವಾಗಿ ವರ್ಣಿಸಿದೆ. ಅವಳು ಅಪ್ಪನ ಪರ ವಹಿಸಿಕೊಂಡಷ್ಟೂ ನನ್ನ ವಾಗ್ಝರಿ ಏರಿತು.

“ನಿಮ್ಮಪ್ಪ ಸಮುದ್ರದಲ್ಲಿದ್ರೇನೇ ಭೂಮಿಗೆ ಕ್ಷೇಮ,” ಎಂದು ಮುಗಿಸಿದೆ.

“ಷ್, ಕಪ್ಪೆಮರಿ ಬಂದಳು ನೋಡಿ,” ಎಂದಳು ಅವಳು.

ಆಮೇಲಿನ ಒಂದೂವರೆ ನಿಮಿಷ ನಾವಿಬ್ಬರೂ ಉಸಿರಾಡಿದ ನೆನಪಿಲ್ಲ. ಮೂರನೆಯ ಸಾಲಿನಲ್ಲಿ ನಮ್ಮವಳ ಹಳದಿ ಟೋಪಿ. ಚಿತ್ರ ಒಮ್ಮೆ ನಿಂತು ಪರದೆಯ ನಡುವೆ ಚಕ್ರ ತಿರುಗತೊಡಗಿದಾಗ ನನ್ನ ಎದೆಯೂ ನಿಂತಿತು. ತಿರುವಿನಲ್ಲಿ ಐದನೆಯವಳಾಗಿದ್ದವಳು ಕೊನೆಯ ಹತ್ತು ಮೀಟರಿನಲ್ಲಿ ಕಾಲು ಬಡಿದು ಬಡಿದು ಎರಡನೆಯವಳಾಗಿ ಗೋಡೆ ಮುಟ್ಟಿದಳು. ಟೈಂಕೀಪರ್ ಗಡಿಯಾರ ನೋಡುವುದನ್ನು ಮರೆತು ನನ್ನ ತೋಳು ಹಿಡಿದು ಅಳುತ್ತಿದ್ದಳು. ನಾನೂ ಅತ್ತೆ. ಮುದುಕ ಇದನ್ನು ನೋಡಲೇಬೇಕು ಎಂದೆ, ಮನಸ್ಸಿನಿಂದಲೇ ಎಂದೆ. ಮೂರು ಮೂವತ್ನಾಲ್ಕಕ್ಕೆ ಪರದೆ ಕಪ್ಪಾಯಿತು, ಪ್ರಸಾರದ ಕೊಂಡಿಯೇ ಮಾಯವಾಯಿತು. ಜಗತ್ತಿನಲ್ಲಿ ಉಳಿದದ್ದು ನನ್ನ ಮೊಬೈಲಿನಲ್ಲಿದ್ದ ಪ್ರತಿ ಒಂದೇ.

ಸರಿಯಾಗಿ ಬಂದಿದೆಯೇ ನೋಡೋಣ ಎಂದು ಹಾಕಿದೆ. ಮುಖ್ಯಸ್ಥರು ಮೆಲುದನಿಯಲ್ಲಿ ನೀರಿನ ಮಹತ್ವ ಹೇಳುತ್ತಿದ್ದರು. ಅವರ ಮೇಲೆ ಇನ್ನೊಂದು ದನಿ ಖಣಖಣನೆ ನಲ್ಲಿಗಳ ಬಗ್ಗೆ ಹೇಳುತ್ತಿತ್ತು. ಆ ದನಿ ಯಾರದೆಂದು ತಿಳಿಯುವುದಕ್ಕೆ ನನಗೆ ಎರಡು ಕ್ಷಣ ಬೇಕಾಯಿತು, ಅವಳಿಗೆ ಅಷ್ಟೂ ಬೇಕಾಗಲಿಲ್ಲ. ಹನ್ನೆರಡನೆಯ ನಿಮಿಷದಿಂದ ಹತ್ತೊಂಬತ್ತನೆಯ ನಿಮಿಷದವರೆಗೆ, ಒಂದಕ್ಷರ ಬಿಡದೆ, ನಾನೇ ಇದ್ದೆ.

“ಇದನ್ನ ಹಡಗಲ್ಲಿ ಎಲ್ಲರ ಮುಂದೆ ಹಾಕಿಕೊಂಡು ನೋಡ್ತಾರೆ ಅಪ್ಪ,” ಎಂದಳು. ಕೂಗಾಡಿದ್ದರೆ ವಾಸಿಯಿತ್ತು. “ಪೂರ್ತಿ ಧ್ವನಿ ತೆಗೆದುಬಿಡಿ.”

ಆಗುವುದಿಲ್ಲ ಎಂದೆ. ಮಕ್ಕಳ ಕೂಗಾಟವಿಲ್ಲದೆ, ನೀರಿನ ಸದ್ದಿಲ್ಲದೆ ಅದೆಂಥ ಈಜು? ಆ ಏಳು ನಿಮಿಷ ಕತ್ತರಿಸಿದರೆ ಸಾಕು, ತಿದ್ದುವುದು ನನ್ನ ಕಸುಬು ಎಂದೆ. ಆದರೆ ಗಂಟೆ ಮೂರು ಐವತ್ತು, ಬಂದರಿಗೆ ಅರ್ಧ ಗಂಟೆಯ ಹಾದಿ. ಅವಳು ಸ್ಕೂಟರ್ ಹತ್ತಿದಳು. ನಾನು ಹಿಂದೆ ಕೂತು ಮೊಬೈಲು ತೆರೆದೆ.

ಓಡುವ ಸ್ಕೂಟರಿನ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ವಿಡಿಯೋ ಕತ್ತರಿಸುವುದು ಶತ್ರುವಿಗೂ ಬೇಡ. ಒಂದೊಂದು ರಸ್ತೆ ಉಬ್ಬಿಗೂ ನನ್ನ ಬೆರಳು ಐದೈದು ನಿಮಿಷ ಹಿಂದೆ ಮುಂದೆ ಜಾರುತ್ತಿತ್ತು. ಪರದೆಯಲ್ಲಿ ಎರಡು ಹಳದಿ ಗೆರೆಗಳಿದ್ದವು, ಎಳೆದಲ್ಲಿಗೆ ಬರುವಂಥವು. ಗೆರೆ ಎಳೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕರಡಿನಲ್ಲಿ ಬೇಡದ ಮಾತಿನ ಈಚೆಗೊಂದು ಆಚೆಗೊಂದು ಗೆರೆ ಹಾಕುತ್ತೇವೆ, ನಡುವಿನದು ಕಸಕ್ಕೆ ಹೋಗುತ್ತದೆ. ಒಂದು ಗೆರೆಯನ್ನು ಹನ್ನೆರಡಕ್ಕೆ ತಂದೆ, ಇನ್ನೊಂದನ್ನು ಹತ್ತೊಂಬತ್ತಕ್ಕೆ. ಕೆಂಪು ದೀಪದಲ್ಲಿ ಸ್ಕೂಟರ್ ನಿಂತಾಗ ‘ಉಳಿಸು’ ಒತ್ತಿದೆ. ಹಳೆಯ ಪ್ರತಿಯನ್ನೂ ಇಟ್ಟುಕೊಳ್ಳಲೇ ಎಂದು ಕೇಳಿತು, ಜಾಗ ಸಾಲದು ಎಂದೂ ಅದೇ ಎಚ್ಚರಿಸಿತು. ಬೇಡ ಎಂದೆ.

ನಾಲ್ಕು ಇಪ್ಪತ್ತಾರಕ್ಕೆ ಗೇಟು. ಚೀಫ್ ಎಣ್ಣೆ ಮೆತ್ತಿದ ಮೇಲಂಗಿಯಲ್ಲೇ ಓಡಿಬಂದಿದ್ದರು, ಒಂದು ಕೈಯಲ್ಲಿ ಟ್ಯಾಬು, ಇನ್ನೊಂದರಲ್ಲಿ ಕನ್ನಡಕ. ಮೊಬೈಲನ್ನು ಟ್ಯಾಬಿನ ಪಕ್ಕ ಹಿಡಿದೆ. ಎಂಟು ನಿಮಿಷವಾದರೂ ಬೇಕು ಎಂದುಕೊಂಡಿದ್ದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

“ಇಷ್ಟು ಬೇಗ ಆಯ್ತಲ್ಲ ಅಳಿಯಂದಿರೇ,” ಎಂದರು.

ಕೈ ಪಳಗಿದರೆ ಹಾಗೇ ಮಾವ, ಎಂದೆ. ಅವರು ನನ್ನ ಭುಜ ಒತ್ತಿದರು, ಏನೋ ಹೇಳಹೊರಟು ಸುಮ್ಮನಾದರು, ಒಳಗೆ ಹೋದರು. ಅವರ ಬೆನ್ನು ನೋಡುತ್ತಾ ನಲ್ಲಿಯ ವಿಷಯದಲ್ಲಿ ನಾನು ಸ್ವಲ್ಪ ಅತಿ ಮಾಡಿದೆ ಅನ್ನಿಸಿತು.

ಐದೂ ಕಾಲಿಗೆ ಮನೆ ಸೇರಿದೆವು. ಇನ್ನೊಂದು ಸಲ ನೋಡೋಣ ರೀ ಎಂದು ಅವಳು ನನಗೆ ಒತ್ತಿಕೊಂಡು ಕೂತಳು. ವಿಡಿಯೋ ತೆರೆದೆ. ಉದ್ದ ಏಳು ನಿಮಿಷ. ನೇರ ನಲ್ಲಿಗಳಿಂದಲೇ ಶುರುವಾಯಿತು. ನಡುವೆ ಎಲ್ಲೂ ನೀರು ಕಾಣಲಿಲ್ಲ. ‘ಭೂಮಿಗೆ ಕ್ಷೇಮ’ ಎಂದೆ ನಾನು. ‘ಷ್, ಕಪ್ಪೆಮರಿ ಬಂದಳು ನೋಡಿ’ ಎಂದಳು ಅವಳು. ಅಲ್ಲಿಗೆ ಮುಗಿಯಿತು. ಆ ಹಾಳು ಮೊಬೈಲಿನಲ್ಲಿ ಗೆರೆಗಳ ನಡುವಿನದು ಉಳಿಯುತ್ತದೆ, ಆಚೀಚೆಯದು ಕಸಕ್ಕೆ ಹೋಗುತ್ತದೆ.

ಅವಳು ಬೈಯಲಿಲ್ಲ, ಎದ್ದು ಒಳಗೆ ಹೋದಳು. ಹನ್ನೊಂದು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಭಯವಾದದ್ದು ಅದೇ ಮೊದಲು. ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು. ಆ ಮನುಷ್ಯ ನಾಲ್ಕು ತಿಂಗಳು ಮೊಮ್ಮಗಳನ್ನು ನೋಡುತ್ತೇನೆಂದು ಆಸೆಯಿಂದ ಟ್ಯಾಬು ತೆರೆಯುತ್ತಾರೆ, ಸಿಗುವವನು ನಾನು.

ಅಷ್ಟರಲ್ಲಿ ಶಾಲೆಯ ಬಸ್ಸು ನಿಂತಿತು. ಮಗಳು ಇಳಿದಳು, ಒದ್ದೆ ಜಡೆ, ಕೊರಳಲ್ಲಿ ಬೆಳ್ಳಿಬಣ್ಣದ ಪದಕ. ತಾತನಿಗೆ ಕೊಟ್ಟಿರಾ ಎಂದು ಕೇಳುವ ಮೊದಲೇ ಎಲ್ಲ ಒಪ್ಪಿಕೊಂಡುಬಿಟ್ಟೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಶೂ ಬಿಚ್ಚುತ್ತಾ ಕೂತಳು.

ಮೊಬೈಲು ಗುಂಯ್ ಎಂದಿತು. ಚೀಫ್. ದಡ ಇನ್ನೂ ಕಾಣುತ್ತಿತ್ತೋ ಏನೋ. ‘ಮಗು ಈಜಿದ್ದನ್ನು ಅವಳ ಕೋಚ್ ತಮ್ಮ ಮೊಬೈಲಿನಲ್ಲಿ ಹಿಡಿದು ನಾಲ್ಕಕ್ಕೇ ಕಳಿಸಿದ್ದರು, ಗೇಟಿಗೆಂದು ಮೇಲೆ ಬಂದಾಗ ಸಿಕ್ಕಿತು. ಮೂರು ಸಲ ನೋಡಿದೆ. ಕಣ್ಣು ತುಂಬಿತು. ನೀವು ಕೊಟ್ಟದ್ದನ್ನು ಈಗ ಊಟದ ಕೋಣೆಯಲ್ಲಿ ಎಲ್ಲರೂ ಕೂತು ನೋಡಿದೆವು. ನಾಳೆ ಮತ್ತೆ ಹಾಕಬೇಕಂತೆ. ಒಂದು ತಿದ್ದುಪಡಿ: ನಲ್ಲಿ ಮೂರಲ್ಲ, ನಾಲ್ಕು.’

ಓದಿ ಮುಗಿಸಿ, ನಗಬೇಕೋ ಅಳಬೇಕೋ ತಿಳಿಯದೆ ಮಗಳ ಮುಖ ನೋಡಿದೆ. ಕೋಚಿಗೆ ತಾತನ ನಂಬರು ಕೊಟ್ಟವರು ಯಾರು ಎಂದು ಕೇಳಿದೆ.

“ನಾನೇ,” ಎಂದಳು, ಎರಡನೆಯ ಶೂ ಬಿಚ್ಚುತ್ತಾ. “ಬೆಳಗ್ಗೆ ನೀವು, ನನಗೆ ಬಿಟ್ಟುಬಿಡಿ ಅಂದ್ರಲ್ಲ ಅಪ್ಪ, ಅದಕ್ಕೇ.”